ಗದ್ದಲ ಎಂದಿದ್ದೆ

ನಮ್ಮ ತಾಲೂಕಿನಲ್ಲಿ ಯಾರನ್ನಾದರೂ ನಿಲ್ಲಿಸಿ 'ರಾಕ್ ಅಂದರೇನು?' ಎಂದು ಕೇಳಿ ನೋಡಿ. 'ಗೊಟಗೋಡಿಯೊಳಗ ಐತಲ್ರಿ, ಹೆದ್ದಾರಿ ಬಾಜೂಕ' ಎಂದು ದಾರಿ ತೋರಿಸುತ್ತಾರೆ. ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ನಿಲ್ಲಿಸಿದ, ಹಳ್ಳಿಯ ಬದುಕಿನ ಮೂರ್ತಿಗಳಿರುವ ಆ ರಾಕ್ ಗಾರ್ಡನ್ನಿಗೆ ನಾನೇ ಎಷ್ಟೋ ಸಲ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ರಾಕ್ ಎಂಬ ಹೆಸರಿನ ಸಂಗೀತವೊಂದಿದೆ, ಅದನ್ನು ಬಾರಿಸುವ ತಂಡವೊಂದು ಒಂದು ಕಾಲಕ್ಕೆ ತಡಸದಲ್ಲಿಯೇ ಇತ್ತು ಎಂದರೆ ಮಕ್ಕಳು ನಗುತ್ತಾರೆ. ಆದರೆ ಇತ್ತು. 1993ರ ಮಳೆಗಾಲದಿಂದ 1994ರ ಗಣೇಶನ ಹಬ್ಬದವರೆಗೆ, ಹದಿನಾಲ್ಕು ತಿಂಗಳು ಇತ್ತು. ಆಗ ನಮ್ಮದು ಇನ್ನೂ ಧಾರವಾಡ ಜಿಲ್ಲೆ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ತಂಡಕ್ಕೆ ಹೆಸರಿರಲಿಲ್ಲ. ನಾಲ್ವರು ಗೆಳೆಯರಿದ್ದರು. ಅವರಲ್ಲಿ ಒಬ್ಬ ನನ್ನ ತಮ್ಮ. ಆ ತಂಡವನ್ನು ಮುಗಿಸಿದವಳು ನಾನು.

ಇದನ್ನು ಈಗ ಬರೆಯಲು ಕಾರಣ ಒಂದು ಕ್ಯಾಸೆಟ್ಟು. ಆ ನಾಲ್ವರಲ್ಲಿ ಮೈಕ್ ಸೆಟ್ಟಿನ ಅಂಗಡಿಯವರ ಮಗನೊಬ್ಬನಿದ್ದ. 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ ಅವನು ತೀರಿಕೊಂಡ. ಎರಡು ವರ್ಷದ ಮೇಲೆ ಅವನ ಮಗ ಅಂಗಡಿಯ ಅಟ್ಟ ಸ್ವಚ್ಛ ಮಾಡುವಾಗ ಸಿಕ್ಕಿತೆಂದು ಒಂದು ಕ್ಯಾಸೆಟ್ಟನ್ನು ತಂದು ನನ್ನ ಕೈಗಿಟ್ಟ. 'ಅಕ್ಕೋರ, ಇದರ ಮ್ಯಾಲೆ ನಿಮ್ಮ ಮನಿ ಹೆಸರು ಬರದೈತ್ರಿ' ಎಂದ. ನೋಡಿದರೆ ಬಾಲ್‌ಪೆನ್ನಿನಲ್ಲಿ ಗೀಚಿದ ಅಕ್ಷರ: 'ಅಕ್ಕೋರ ಮನಿ ಶೆಡ್. ಮಳಿ.' ಅಷ್ಟೇ.

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದಡಿಯ ಕಣಜ ಅದು. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯಬಾರದು. ಒಳಗಿನ ಕೆಟ್ಟ ಗಾಳಿಗೆ ಉಸಿರುಗಟ್ಟಿ ಸತ್ತವರುಂಟು. ಗಾಳಿಯಾಡುವವರೆಗೆ ಕಾಯಬೇಕು. ಇಳಿದ ಮೇಲೆ ಗೋಡೆಗೆ ತಾಗಿದ ಕಾಳನ್ನು ಮುಗ್ಗಿದೆಯೆಂದು ಬೇರೆ ತೆಗೆದಿಟ್ಟು, ನಡುವಿನದನ್ನು ಮನೆಗೆ ಒಯ್ಯಬೇಕು. ತಮ್ಮನ ಮಗ ಈ ಬಗೆಯ ಸಂಗೀತಕ್ಕೆ 'ಅಂಡರ್‌ಗ್ರೌಂಡ್' ಎನ್ನುತ್ತಾರೆ ಎಂದು ಹೇಳಿದಾಗ ನನಗೆ ನೆನಪಾದದ್ದು ಹಗೇವು. ಕ್ಯಾಸೆಟ್ಟನ್ನು ನಾನು ಮೂರು ತಿಂಗಳು ಮುಟ್ಟಲಿಲ್ಲ. ಆಮೇಲೆ ಅವನೇ ಎಲ್ಲಿಂದಲೋ ಹಳೆಯ ಟೇಪ್‌ರೆಕಾರ್ಡರ್ ತಂದು, ಅದರೊಳಗಿನದನ್ನು ಕಂಪ್ಯೂಟರಿಗೆ ಏರಿಸಿ, ನನ್ನ ಫೋನಿಗೆ ಹಾಕಿಕೊಟ್ಟ. ಮೊದಲನೆಯ ಬದಿ ಮಾತ್ರ ಬಂತು. ಎರಡನೆಯ ಬದಿಗೆ ಹೊರಳಿಸುವಾಗ ಟೇಪು ಸಿಕ್ಕಿಹಾಕಿಕೊಂಡಿತು.

ಕೇಳಿದ್ದನ್ನು ಹೇಳುವ ಮೊದಲು ಆ ನಾಲ್ವರ ಬಗ್ಗೆ ಹೇಳಬೇಕು. ಹೆಸರು ಬರೆದರೆ ಬದುಕಿರುವ ಮೂವರೂ ಸಿಟ್ಟಾಗುತ್ತಾರೆ, ಹಾಗಾಗಿ ಬರೆಯುವುದಿಲ್ಲ. ಒಬ್ಬ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನಮ್ಮ ಓಣಿಯ ಹುಡುಗ. ಹಾಸ್ಟೆಲ್ಲಿನ ಗೆಳೆಯರಿಂದ ಇಂಗ್ಲಿಷ್ ಹಾಡುಗಳ ಕ್ಯಾಸೆಟ್ಟು ತುಂಬಿಸಿಕೊಂಡು, ಶನಿವಾರದ ಬಸ್ಸಿಗೆ ತಡಸಕ್ಕೆ ಬರುತ್ತಿದ್ದ. ಅವನ ಬಳಿ ಒಂದು ಎಲೆಕ್ಟ್ರಿಕ್ ಗಿಟಾರಿತ್ತು. ಇನ್ನೊಬ್ಬ ಭಜನಾ ಮೇಳದವನು. ಅವನಿಗೆ ಶಿಶುನಾಳ ಶರೀಫರ ಪದಗಳು ಅಜ್ಜನ ಬಾಯಿಂದ ಬಂದಿದ್ದವು. ದಮ್ಮಡಿ ಬಡಿಯುತ್ತ ಹಾಡುತ್ತಿದ್ದ. ಮೂರನೆಯವನು ಮೈಕಿನವ. ಆಂಪ್ಲಿಫೈಯರು, ಸ್ಪೀಕರು, ವೈರು ಎಲ್ಲ ಅವನ ಜವಾಬ್ದಾರಿ. ನಾಲ್ಕನೆಯವನು ನನ್ನ ತಮ್ಮ. ಹುಬ್ಬಳ್ಳಿಯಲ್ಲಿ ಹಳೆಯದೊಂದು ಗಿವ್ಸನ್ ಗಿಟಾರನ್ನು, ಅಪ್ಪನಿಗೆ ಗೊಬ್ಬರದ ದುಡ್ಡೆಂದು ಸುಳ್ಳು ಹೇಳಿ, ಕೊಂಡು ತಂದಿದ್ದ. ಅದರ ಸಣ್ಣ ತಂತಿಗಳು ಒಂದೊಂದಾಗಿ ಹರಿದವು. ಹೊಸ ತಂತಿಗೆ ದುಡ್ಡಿರಲಿಲ್ಲ. ಕೊನೆಗೆ ದಪ್ಪನೆಯ ಮೂರು ತಂತಿಗಳು ಉಳಿದವು. ಅವನಿಗೆ ಬಾರಿಸಲು ಬರುತ್ತಿದ್ದುದೂ ಅಷ್ಟೇ ಎಂದು ನಾನು ಆಗ ತಮಾಷೆ ಮಾಡುತ್ತಿದ್ದೆ.

ಅವರ ತಾಲೀಮು ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ. ಒಂದು ಕಾಲಕ್ಕೆ ಹತ್ತಿಯ ಅಂಡಿಗೆ ಇಡುತ್ತಿದ್ದ ಜಾಗ. ಮೈಕಿನವ ತಂದೆಗೆ ಗೊತ್ತಾಗದಂತೆ ತರುತ್ತಿದ್ದುದು, ಮದುವೆಗೆ ಬಾಡಿಗೆಗೆ ಕೊಡಲಾಗದ ಒಂದು ಸ್ಪೀಕರು. ಅದರ ಕಾಗದದ ಪರದೆ ಹರಿದಿತ್ತು. ಗಿಟಾರಿನ ದನಿ ಅದರಿಂದ ಹೊರಬರುವಾಗ ಬಿರುಕುಬಿಟ್ಟು, ಗೊರಗೊರ ಎನ್ನುತ್ತ ಬರುತ್ತಿತ್ತು. ಅವ್ವನಿಗೆ ಅದು ಹಿಟ್ಟಿನ ಗಿರಣಿ. ನನಗೆ ತಲೆಶೂಲೆ. ನಾನು ಬಿ.ಎ. ಮುಗಿಸಿ, ಬಿ.ಎಡ್. ಮಾಡಿ, ಆಗತಾನೆ ಶಾಲೆಗೆ ಸೇರಿದ್ದೆ. ಮರುದಿನದ ಪಾಠದ ಟಿಪ್ಪಣಿ ಬರೆಯಲು ಕುಳಿತರೆ ಗೋಡೆಯಾಚೆ ಈ ಗಿರಣಿ ಶುರುವಾಗುತ್ತಿತ್ತು.

ಹರಿದ ಸ್ಪೀಕರಿಗೂ ಒಂದು ಚರಿತ್ರೆಯಿದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಅಮೇರಿಕೆಯ ಲಿಂಕ್ ರೇ ಎಂಬ ಗಿಟಾರ್ ವಾದಕ 1958ರಲ್ಲಿ ಹೊರಬಂದ ತನ್ನ ಒಂದು ವಾದನಕ್ಕಾಗಿ ಸ್ಪೀಕರಿನ ಪರದೆಗೆ ಪೆನ್ಸಿಲ್ಲಿನಿಂದ ತೂತು ಹೊಡೆದಿದ್ದನಂತೆ. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ಬ್ಲೇಡಿನಿಂದ ಸ್ಪೀಕರಿನ ಪರದೆ ಸೀಳಿ, ಆ ಗೊರಗೊರ ದನಿಯಿಂದಲೇ ಹೆಸರಾದ. ಅವರು ಬೇಕೆಂದೇ ಹರಿದದ್ದನ್ನು ನಮ್ಮ ಹುಡುಗರಿಗೆ ಬಡತನ ಹರಿದುಕೊಟ್ಟಿತ್ತು. ಎಂಜಿನಿಯರನಿಗೆ ಈ ಸಂಗತಿ ತಿಳಿದಿತ್ತೋ ಏನೋ, ಹೊಸ ಸ್ಪೀಕರು ಸಿಕ್ಕಾಗಲೂ ಅವನು ಆ ಹರಕನ್ನು ಬಿಡಲಿಲ್ಲವೆಂದು ತಮ್ಮ ಈಗ ಹೇಳುತ್ತಾನೆ.

ಅವರು ಮಾಡಹೊರಟದ್ದು ಶರೀಫರ ಪದಗಳನ್ನು ಈ ದನಿಯೊಳಗೆ ಹಾಡುವುದನ್ನು. ಇದರ ಧೈರ್ಯವನ್ನು ತಿಳಿಯಬೇಕಾದರೆ ನಮ್ಮ ಊರಿನ ಸ್ಥಾನ ತಿಳಿದಿರಬೇಕು. ಶರೀಫರ ಶಿಶುನಾಳ ನಮ್ಮದೇ ಶಿಗ್ಗಾವಿ ತಾಲೂಕಿನದು. ಅವರ ಗುರು ಗೋವಿಂದಭಟ್ಟರ ಕಳಸ ನೆರೆಯ ಕುಂದಗೋಳ ತಾಲೂಕಿನದು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರನ್ನು ಇಲ್ಲಿ ಯಾರೂ ಕವಿ ಎನ್ನುವುದಿಲ್ಲ, ಅಜ್ಜ ಎನ್ನುತ್ತಾರೆ. ಅವರು ಕೆಲಕಾಲ ಶಾಲೆಯ ಮಾಸ್ತರರೂ ಆಗಿದ್ದರೆಂಬುದು ನಮ್ಮಂಥವರಿಗೆ ಒಳಗೊಳಗೇ ಹೆಮ್ಮೆ. ಬೆಂಗಳೂರಿನಲ್ಲಿ ಅವರ ಪದವನ್ನು ಹೇಗೆ ಹಾಡಿದರೂ ನಡೆದೀತು. ಇಲ್ಲಿ ಹಾಡುವುದೆಂದರೆ ಅಜ್ಜನ ಅಂಗಳದಲ್ಲಿ ಅಜ್ಜನ ಬಡಿಗೆ ಹಿಡಿದು ಆಟವಾಡಿದ ಹಾಗೆ.

1994ರ ಗಣೇಶನ ಹಬ್ಬದಲ್ಲಿ ಓಣಿಯ ಪೆಂಡಾಲಿನ ಮುಂದೆ ಮೂರನೆಯ ರಾತ್ರಿ ಇವರಿಗೆ ಅರ್ಧ ಗಂಟೆ ಕೊಟ್ಟಿದ್ದರು. 'ಆರ್ಕೆಸ್ಟ್ರಾ' ಎಂದು ಹೇಳಿ ಒಪ್ಪಿಸಿದ್ದರು. ಜನ ಸಿನೆಮಾ ಹಾಡು ಕೇಳಲು ಬಂದಿದ್ದರು. ಜಿಟಿಜಿಟಿ ಮಳೆ. ಕೆ.ಇ.ಬಿ.ಯ ಕರೆಂಟು ಒಮ್ಮೆ ಮಂದ, ಒಮ್ಮೆ ಝಗ್ಗನೆ. ಮೊದಲು ಗುಡುಗುಡಿಯ ಹಾಡು ಹಾಡಿದರು. ಮಕ್ಕಳು ಕುಣಿದರು, ಹಿರಿಯರು ಮುಖ ಸಿಂಡರಿಸಿದರು. ಎರಡನೆಯದು ಸೋರುವ ಮಾಳಿಗೆಯ ಹಾಡು. ಅದು ಶುರುವಾಗಿ ಎರಡು ನಿಮಿಷ ಕಳೆದರೂ ಪದ ಬರಲಿಲ್ಲ. ತಮ್ಮ ಒಂದೇ ತಂತಿಯನ್ನು ಮತ್ತೆ ಮತ್ತೆ ಮೀಟುತ್ತಿದ್ದ, ಸ್ಪೀಕರು ಗೊರಗೊರ ಎನ್ನುತ್ತಿತ್ತು. ಮುಂದೆ ಕುಳಿತಿದ್ದ ಹಿರಿಯರೊಬ್ಬರು ಎದ್ದು ನಿಂತರು.

'ಶರೀಫಜ್ಜನ ಪದಕ್ಕ ಏನ್ ಮಾಡಾಕತ್ತೀರಲೇ?' ಎಂದು ಹುಡುಗರನ್ನು ಕೇಳಿದರು. ಆಮೇಲೆ ಹೆಣ್ಣುಮಕ್ಕಳ ಕಡೆ ತಿರುಗಿ, ಅಲ್ಲಿ ಕುಳಿತಿದ್ದ ನನ್ನನ್ನು ಹುಡುಕಿ, 'ಅಕ್ಕೋರ, ನೀವು ಕಲತಾವ್ರು. ನಿಮ್ಮ ತಮ್ಮ ಅದಾನಂತ ಬಿಡಬ್ಯಾಡ್ರಿ. ನೀವ ಹೇಳ್ರಿ, ಇದು ಪದ ಏನ್ರಿ?' ಎಂದರು.

ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಇಪ್ಪತ್ತೈದು ವರ್ಷ. ಊರಿನಲ್ಲಿ ನನ್ನನ್ನು ಕಲಿತವಳೆಂದು ಎದ್ದುನಿಲ್ಲಿಸಿ ಕೇಳಿದ್ದು ಅದೇ ಮೊದಲು. 'ಇದು ಪದ ಅಲ್ರಿ. ಗದ್ದಲ' ಎಂದೆ.

ಜನ ಗೊಳ್ಳೆಂದು ನಕ್ಕರು. ಮೈಕಿನವನ ತಂದೆ ಹೋಗಿ ಸ್ವಿಚ್ಚು ಆರಿಸಿದರು. ಭಜನೆಯವನು ದಮ್ಮಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದುಹೋದ. ಮರುದಿನ ತಮ್ಮ ಗಿಟಾರಿನ ಮೂರು ತಂತಿಗಳನ್ನು ಬಿಚ್ಚಿ ಅವ್ವನ ಅವರೆಬಳ್ಳಿಗೆ ಕಟ್ಟಿದ. ಬಳ್ಳಿ ಚೆನ್ನಾಗಿಯೇ ಹಬ್ಬಿತು. ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ. ಎಂಜಿನಿಯರ ಪುಣೆಗೆ ಹೋದ. ತಮ್ಮ ಪಂಪ್‌ಸೆಟ್ ರಿಪೇರಿ ಕಲಿತು ಅಂಗಡಿ ಇಟ್ಟ.

ಕನ್ನಡ ಕಲಿಸುವವಳಾಗಿ ನಾನು ಮಕ್ಕಳಿಗೆ ವಿಮರ್ಶೆ ಎಂದರೇನೆಂದು ವರ್ಷ ವರ್ಷ ಹೇಳಿದ್ದೇನೆ. ನಾನು ಜೀವನದಲ್ಲಿ ಮಾಡಿದ ಮೊದಲ ವಿಮರ್ಶೆ ಆ ಒಂದು ಶಬ್ದದ್ದು. ಅದಕ್ಕೆ ಸಿಕ್ಕಷ್ಟು ಪರಿಣಾಮ ಮುಂದೆ ನನ್ನ ಯಾವ ಮಾತಿಗೂ ಸಿಗಲಿಲ್ಲ.

ಆ ದಿನ ನಾನು ಯಾವ ಕಿವಿಯಿಂದ ಕೇಳಿದ್ದೆ ಎಂದು ಈಗ ಯೋಚಿಸುತ್ತೇನೆ. 1990ರಲ್ಲಿ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂದಿತ್ತು. ಶ್ರೀಧರ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿ ಅಭಿನಯಿಸಿದ್ದರು. ಸಂಗೀತ ಸಿ. ಅಶ್ವತ್ಥರದು. ಅದಕ್ಕೂ ಮೊದಲೇ ಶರೀಫರ ಪದಗಳು ಅಶ್ವತ್ಥ, ಶಿವಮೊಗ್ಗ ಸುಬ್ಬಣ್ಣ ಇವರ ಕಂಠದಲ್ಲಿ ಕ್ಯಾಸೆಟ್ಟಾಗಿ ಮನೆಮನೆಗೆ ಬಂದಿದ್ದವು. ನನ್ನ ಮಟ್ಟಿಗೆ ಶರೀಫರೆಂದರೆ ಅಶ್ವತ್ಥರ ಏರುದನಿಯೇ. ಆದರೆ ಇದೇ ಕ್ಯಾಸೆಟ್ಟನ್ನು ಮನೆಯಲ್ಲಿ ಹಾಕಿದಾಗ ನಮ್ಮ ಅಜ್ಜ, 'ಪದಕ್ಕ ಇಷ್ಟ್ಯಾಕ ಸಿಂಗಾರಾ?' ಎಂದು ಎದ್ದುಹೋಗಿದ್ದ. ಅವನ ಶರೀಫರಿಗೆ ಏಕತಾರಿ, ದಮ್ಮಡಿ, ತಾಳ ಸಾಕಾಗಿತ್ತು. ಪಿಟೀಲು, ಕೊಳಲು, ತಬಲಾಗಳನ್ನು ಕೂಡಿಸಿದ ಸುಗಮ ಸಂಗೀತವೂ ಒಂದು ಕಾಲದ ಪ್ರಯೋಗವೇ. ಅಜ್ಜನಿಗೆ ಅದು ಗದ್ದಲವಾಗಿತ್ತು, ನನಗೆ ಅದು ಪರಂಪರೆಯಾಗಿತ್ತು. ನಡುವಿನ ಅಂತರ ಹತ್ತು ವರ್ಷವೂ ಇರಲಿಕ್ಕಿಲ್ಲ.

ನನ್ನ ಕಿವಿಗೆ ಎರಡನೆಯ ಪೆಟ್ಟು ಬಿದ್ದದ್ದು 2009ರಲ್ಲಿ. ಶಾಲೆಯ ಸ್ನೇಹಸಮ್ಮೇಳನಕ್ಕೆ ಒಂಬತ್ತನೆಯ ತರಗತಿಯ ಮಕ್ಕಳು ಒಂದು ಹಾಡು ಆರಿಸಿ ತಂದರು. ಅದು ಹಿಂದಿನ ವರ್ಷ, 2008ರಲ್ಲಿ, ಬಂದಿದ್ದ ರಘು ದೀಕ್ಷಿತರ ಮೊದಲ ಆಲ್ಬಮ್ಮಿನದು: ಶರೀಫರ ಅದೇ ಗುಡುಗುಡಿಯ ಹಾಡು, ಗಿಟಾರು ಪಿಟೀಲುಗಳೊಂದಿಗೆ. ಪಾಲಕರೊಬ್ಬರು, 'ಸಾಲ್ಯಾಗ ತಂಬಾಕಿನ ಹಾಡ ಯಾಕ್ರಿ ಅಕ್ಕೋರ?' ಎಂದು ಕೇಳಿಕೊಂಡು ಬಂದರು. ಮನಸ್ಸು, ಬುದ್ಧಿಗಳನ್ನೇ ಗುಡುಗುಡಿಯ ಬಿಡಿಭಾಗ ಮಾಡಿ, ಒಳಗಿನ ರೋಗ ಕಳೆದುಕೋ ಎನ್ನುವ ಪದ ಅದು, ಹೊಗೆಸೊಪ್ಪಿನದಲ್ಲ ಎಂದು ಅವರಿಗೆ ತಿಳಿಹೇಳಿ ಕಳಿಸಿದೆ. ಮಕ್ಕಳು ಕುಣಿದರು, ಊರು ಚಪ್ಪಾಳೆ ತಟ್ಟಿತು. ಮಗನ ಕುಣಿತ ನೋಡಲು ಬಂದಿದ್ದ ನನ್ನ ತಮ್ಮ ಕೊನೆಯ ಸಾಲಿನಲ್ಲಿ ನಿಂತಿದ್ದ. ಹಾಡು ಮುಗಿಯುವ ಮೊದಲೇ ಹೊರಗೆ ಹೋದ. ಹಿಂದೆಯೇ ಹೋಗಿ ಮಾತಾಡಿಸುವ ಧೈರ್ಯ ನನಗಾಗಲಿಲ್ಲ. 2010ರಲ್ಲಿ ರಘು ದೀಕ್ಷಿತರು ಬಿ.ಬಿ.ಸಿ.ಯಲ್ಲಿ ಜೂಲ್ಸ್ ಹಾಲೆಂಡರ ಕಾರ್ಯಕ್ರಮದಲ್ಲಿ ಹಾಡಿದರೆಂಬ ಸುದ್ದಿ ಬಂದಾಗಲೂ ನಾವಿಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಇಷ್ಟು ಹೇಳಿದ ಮೇಲೆ ಕ್ಯಾಸೆಟ್ಟಿಗೆ ಬರಬಹುದು. ತಪ್ಪಿನ ಭಾರ ಹೊತ್ತವರು ಕೇಳಿದರೆ ಎಲ್ಲವೂ ಅಮೃತವೆನಿಸುವ ಅಪಾಯವಿದೆ. ಹಾಗಾಗಿ ಮೊದಲು ಮುಗ್ಗಿದ ಕಾಳನ್ನೇ ತೆಗೆದಿಡುತ್ತೇನೆ.

ಮೊದಲನೆಯದು ಒಂದು ಇಂಗ್ಲಿಷ್ ಹಾಡಿನ ಪ್ರಯತ್ನ. ಯಾವ ಹಾಡೆಂದು ಹಾಡಿದವರಿಗೂ ಈಗ ನೆನಪಿಲ್ಲ. ಉಚ್ಚಾರದಿಂದ ಪತ್ತೆ ಹಚ್ಚುವುದು ಸಾಧ್ಯವಿಲ್ಲ. ನಾಲ್ಕು ನಿಮಿಷಕ್ಕೆ ತಾವೇ ನಗುತ್ತ ಬಿಟ್ಟಿದ್ದಾರೆ. ಎರಡನೆಯದು ಗುಡುಗುಡಿಯ ಹಾಡು. ಇದನ್ನು ಹಬ್ಬದ ರಾತ್ರಿ ಕೇಳಿ ನಾನು ಗದ್ದಲವೆಂದಿದ್ದರೆ ತಪ್ಪಾಗುತ್ತಿರಲಿಲ್ಲ. ಓಟದಲ್ಲಿ ಹಾಡಿದ್ದಾರೆ. ಪ್ರತಿ ನುಡಿಯ ನಡುವೆ ಎಂಜಿನಿಯರ ತನ್ನ ಕೈಚಳಕ ತೋರಿಸಲು ಗಿಟಾರನ್ನು ಕಿರುಚಿಸುತ್ತಾನೆ. ಒಂದು ಸಲವಲ್ಲ, ಮೂರು ಸಲ. ಭಜನೆಯವನಿಗೆ ಉಸಿರು ಸಾಲದೆ ಪದದ ಕೊನೆಗಳು ನುಂಗಿಹೋಗುತ್ತವೆ. ಹೊಗೆ ಸೇದುವ ರೂಪಕದ ಹಾಡಿನಲ್ಲಿ ಉಸಿರಿಗೇ ಜಾಗವಿಲ್ಲ. ಈ ಒಂದು ಹಾಡಿನ ಮಟ್ಟಿಗೆ ರಘು ದೀಕ್ಷಿತರ ತಂಡ ನಮ್ಮವರಿಗಿಂತ ಎಷ್ಟೋ ಮೇಲು. ಅಲ್ಲಿ ಪದ ಸ್ವಚ್ಛವಾಗಿ ಕೇಳಿಸುತ್ತದೆ, ಕಂಠ ತೆರೆದಿದೆ, ಪಿಟೀಲು ಪದದ ಬೆನ್ನು ತಟ್ಟುತ್ತದೆಯೇ ಹೊರತು ಅದರ ಮೇಲೆ ಹತ್ತಿ ಕೂಡುವುದಿಲ್ಲ.

ಮೂರನೆಯದು ಸೋರುವ ಮಾಳಿಗೆಯ ಹಾಡು. ಹನ್ನೊಂದು ನಿಮಿಷವಿದೆ. ಮೊದಲಿಗೆ ಮಳೆ ಕೇಳಿಸುತ್ತದೆ. ತಗಡಿನ ಮೇಲೆ ಬೀಳುವ ನಮ್ಮೂರಿನ ಮಳೆ. ಆಮೇಲೆ ತಮ್ಮನ ದಪ್ಪ ತಂತಿಯ ಒಂದೇ ಸ್ವರ ಶುರುವಾಗುತ್ತದೆ, ಹರಿದ ಸ್ಪೀಕರಿನಲ್ಲಿ. ಅದು ಹನ್ನೊಂದು ನಿಮಿಷವೂ ನಿಲ್ಲುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ ದಮ್ಮಡಿ ಬರುತ್ತದೆ, ಅದೂ ತಾಳ ಹಾಕುವ ಹಾಗಲ್ಲ, ಸೋರುವ ನೀರು ಕೆಳಗಿಟ್ಟ ಪಾತ್ರೆಗೆ ಬಿದ್ದ ಹಾಗೆ ಬಿಟ್ಟು ಬಿಟ್ಟು. ಶೆಡ್ಡು ನಿಜವಾಗಿಯೂ ಸೋರುತ್ತಿತ್ತು. ಅವ್ವ ಒಂದು ಬೋಗುಣಿ ಇಟ್ಟಿದ್ದಳು. ಅದರ ಟಪ್ ಟಪ್ ಕೂಡ ಟೇಪಿನಲ್ಲಿದೆ. ದಮ್ಮಡಿಯವನು ಆ ಹನಿಯನ್ನು ಕೇಳಿಕೊಂಡೇ ಬಡಿಯುತ್ತಿದ್ದಾನೆ ಎಂದು ಎರಡನೆಯ ಸಲ ಕೇಳಿದಾಗ ಗೊತ್ತಾಯಿತು. ಆರನೆಯ ನಿಮಿಷಕ್ಕೆ ಹಾಡು ಬರುತ್ತದೆ, ಹತ್ತಿರದವರಿಗೆ ಹೇಳುವಷ್ಟು ಮೆಲ್ಲಗೆ. ಎಂಜಿನಿಯರ ಇಲ್ಲಿ ಏನೂ ಬಾರಿಸುವುದಿಲ್ಲ. ಅವನ ಗಿಟಾರು ಆ ದಿನ ಕೆಟ್ಟಿತ್ತಂತೆ. ಒಂದು ಕಡೆ ಹೆದ್ದಾರಿಯ ಲಾರಿಯ ಹಾರನ್ನು, ಒಂದು ಕಡೆ ಅವ್ವ ಊಟಕ್ಕೆ ಕರೆಯುವುದು, ಅದಕ್ಕೆ ಯಾರೂ ಓಗೊಡದಿರುವುದು, ಎಲ್ಲವೂ ದಾಖಲಾಗಿವೆ. ಅವ್ವ ಹೋಗಿ ಹದಿನೈದು ವರ್ಷದ ಮೇಲಾಯಿತು.

ಅಜ್ಞಾನದಿಂದ ಮನೆಯ ಮಾಳಿಗೆ ಸೋರುತ್ತಿದೆ, ಹತ್ತಿ ನೋಡುವವರಿಲ್ಲ ಎನ್ನುವ ಪದ ಇದು. ಅಶ್ವತ್ಥರ ಗಾಯನದಲ್ಲಿ ಅದು ಆರ್ತನಾದ. ಮೇಲಿನವನನ್ನು ಕೂಗಿ ಕರೆಯುವ ದನಿ. ರಘು ದೀಕ್ಷಿತರೂ ಇದನ್ನು ಅದೇ ಮೊದಲ ಆಲ್ಬಮ್ಮಿನಲ್ಲಿ ಹಾಡಿದ್ದಾರೆ. ಅವರಲ್ಲಿ ಅದು ಕೇಳುಗರನ್ನೆಲ್ಲ ಒಟ್ಟಿಗೆ ಎತ್ತಿ ನಿಲ್ಲಿಸುವ ಹಾಡು. ಎರಡೂ ದೊಡ್ಡ ಸಭೆಗೆ ಹಾಡಿದವು, ಎರಡರಲ್ಲೂ ಮನೆ ಸೋರುತ್ತಿದೆ ಎಂಬ ಸುದ್ದಿಯಿದೆ. ನಮ್ಮ ಹುಡುಗರದರಲ್ಲಿ ಮಾತ್ರ ಕೇಳುವವರು ಸೋರುವ ಮನೆಯೊಳಗೆ ಕುಳಿತಿರುತ್ತಾರೆ. ಇದನ್ನು ಅವರು ಲೆಕ್ಕ ಹಾಕಿ ಮಾಡಿದ್ದಲ್ಲ. ಹರಿದ ಸ್ಪೀಕರು, ಹರಿದ ತಂತಿ, ಸೋರುವ ತಗಡು ಸೇರಿ ಮಾಡಿಸಿದವು. ಆದರೆ ಆಗುತ್ತಿರುವುದನ್ನು ಕೇಳಿಸಿಕೊಂಡು ಅದಕ್ಕೆ ಎಡೆ ಬಿಟ್ಟದ್ದು ಅವರೇ. ಪ್ರಯೋಗವೆಂಬುದಕ್ಕೆ ನಾನು ಈಗ ಕೊಡುವ ಅರ್ಥ ಅದು.

ಆ ಒಂದೇ ಸ್ವರದ ವಿಷಯ ನನ್ನನ್ನು ಬಹಳ ದಿನ ಕಾಡಿತು. ನಮ್ಮವರಿಗೆ ಅದು ಹೊಸದಲ್ಲ. ಏಕತಾರಿ ಮಾಡುವುದು ಅದನ್ನೇ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವಕ್ಕೆ ಹೋದವರಿಗೆ, ಒಬ್ಬ ಗಾಯಕರ ಹಾಡು ಮುಗಿಯುವವರೆಗೂ ತಂಬೂರಿಯ ಶ್ರುತಿ ಬದಲಾಗದೆ ನಡೆದಿರುವುದು ಗೊತ್ತು. ಸವಾಯಿ ಗಂಧರ್ವರು ಕಿರಾನಾ ಘರಾಣೆಯ ಅಬ್ದುಲ್ ಕರೀಮ್ ಖಾನರ ಶಿಷ್ಯರು. ಹಾನಗಲ್ಲಿನ ಹೆಸರು ಹೊತ್ತ ಗಂಗೂಬಾಯಿಯವರು, ಭೀಮಸೇನ ಜೋಶಿಯವರು ಸವಾಯಿ ಗಂಧರ್ವರ ಶಿಷ್ಯರು. ಸ್ವರವೊಂದರ ಮೇಲೆ ಅವಸರವಿಲ್ಲದೆ ನಿಲ್ಲುವುದು ಆ ಘರಾಣೆಯ ಗುಣ.

ಇದಕ್ಕೂ ರಾಕ್ ಸಂಗೀತಕ್ಕೂ ಏನು ಸಂಬಂಧ ಎಂದರೆ, ಇದೆ. ತಮ್ಮನ ಮಗ ನನಗೆ ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ತಂಡದ 1967ರ ಮೊದಲ ರೆಕಾರ್ಡನ್ನು ಕೇಳಿಸಿದ. ಬಂದಾಗ ಅದನ್ನು ಕೊಂಡವರು ಕೆಲವರೇ. ಮುಂದೆ ಎಷ್ಟೋ ತಂಡಗಳಿಗೆ ಅದು ಪಾಠಪುಸ್ತಕವಾಯಿತು. ಎಲ್ಲವೂ ನನಗೆ ಹಿಡಿಸಲಿಲ್ಲ. ಆದರೆ ಕೆಲವು ಹಾಡುಗಳಲ್ಲಿ ಜಾನ್ ಕೇಲ್ ಎಂಬವನು ವಿಯೋಲಾದ ಮೇಲೆ ಒಂದೇ ಸ್ವರವನ್ನು ಎಡೆಬಿಡದೆ ಎಳೆಯುತ್ತಾನೆ. ಕೇಳಿದೊಡನೆ ನಮ್ಮ ಶೆಡ್ಡು ಕಣ್ಣಮುಂದೆ ಬಂತು. ಈ ಕೇಲ್ ಅದಕ್ಕೂ ಮೊದಲು ಲಾ ಮಾಂಟ್ ಯಂಗ್ ಎಂಬವನ ಗುಂಪಿನಲ್ಲಿದ್ದ. ಎಳೆದ ಸ್ವರದ ಮೇಲೆಯೇ ಗಂಟೆಗಟ್ಟಲೆ ನಿಲ್ಲುವ ಗುಂಪು ಅದು. ಆ ಯಂಗ್ 1970ರಲ್ಲಿ ಪಂಡಿತ ಪ್ರಾಣನಾಥರಿಗೆ ಶಿಷ್ಯನಾದ. ಪ್ರಾಣನಾಥರು ಕಿರಾನಾ ಘರಾಣೆಯವರು, ಅಬ್ದುಲ್ ವಹೀದ್ ಖಾನರ ಶಿಷ್ಯರು. ಅಂದರೆ ನ್ಯೂಯಾರ್ಕಿನವರು ಹುಡುಕುತ್ತ ಹೋಗಿ ತಲುಪಿದ ಬಾವಿಯ ಇನ್ನೊಂದು ಸೆಲೆ ನಮ್ಮ ಪಕ್ಕದ ಕುಂದಗೋಳದಲ್ಲಿದೆ. ನಮ್ಮ ಹುಡುಗರಿಗೆ ಇದೊಂದೂ ತಿಳಿದಿರಲಿಲ್ಲ. ಭಜನೆಯವನ ಅಜ್ಜನ ಏಕತಾರಿ ಮುರಿದಿತ್ತು, ಅದರ ಬದಲಿಗೆ ತಮ್ಮನ ತಂತಿಯನ್ನು ಹಚ್ಚಿಕೊಂಡರು, ಅಷ್ಟೇ.

ನಮ್ಮ ಹುಡುಗರನ್ನು ಯಾರ ಸಾಲಿನಲ್ಲಿಯೂ ಕೂಡಿಸಲು ಈ ಮಾತು ಹೇಳುತ್ತಿಲ್ಲ. ಹೆಸರಾದ ತಂಡಗಳಿಗೆ ಹತ್ತಾರು ವರ್ಷಗಳ ದುಡಿಮೆಯಿದೆ. ರಘು ದೀಕ್ಷಿತರೂ 2008ಕ್ಕೆ ಮೊದಲು ಅಂತರಾಗ್ನಿ ಎಂಬ ತಂಡ ಕಟ್ಟಿ ವರ್ಷಗಟ್ಟಲೆ ದುಡಿದವರು. ನಮ್ಮವರದು ಹನ್ನೊಂದು ನಿಮಿಷ. ಅದರಲ್ಲಿಯೂ ಎರಡು ಕಡೆ ಸ್ವರ ಜಾರಿದೆ, ಕೊನೆ ಹೇಗೆ ಮಾಡಬೇಕೆಂದು ತಿಳಿಯದೆ ಸುಮ್ಮನೆ ನಿಂತಿದೆ. ಆದರೂ ಅಳೆದು ಹೇಳಬೇಕೆಂದರೆ, ಶರೀಫರ ಆ ಪದವನ್ನು ನಾನು ಕೇಳಿದ ಎಲ್ಲ ರೀತಿಗಳಲ್ಲಿ ಅದರ ಒಳಗಿನ ಕತ್ತಲೆ ತೋರಿದ್ದು ಇದೊಂದರಲ್ಲೇ. ಈ ಮಾತನ್ನು ಅಕ್ಕನಾಗಿ ಹೇಳುತ್ತಿಲ್ಲ.

ಕಳೆದ ದೀಪಾವಳಿಗೆ ತಮ್ಮನ ಮನೆಗೆ ಹೋದಾಗ, ಊಟವಾದ ಮೇಲೆ ಇಬ್ಬರೇ ಪಡಸಾಲೆಯಲ್ಲಿ ಕುಳಿತಿದ್ದೆವು. ಫೋನು ತೆಗೆದು ಹಾಡು ಹಚ್ಚಿದೆ. ಅವನು ಕೈಯಲ್ಲಿದ್ದ ಎಲೆಯನ್ನು ಮಡಚದೆ ಹಾಗೇ ಹಿಡಿದುಕೊಂಡು ಹನ್ನೊಂದು ನಿಮಿಷವೂ ಕೇಳಿದ. ಅವ್ವನ ದನಿ ಬಂದಾಗ ಒಮ್ಮೆ ನನ್ನ ಮುಖ ನೋಡಿದ. ಮುಗಿದ ಮೇಲೆ ನಾನು ಇಷ್ಟು ವರ್ಷ ಹೇಳದೆ ಉಳಿದದ್ದನ್ನು ಹೇಳಿದೆ. ಅಂದು ನಾನು ಹಾಗೆ ಅನ್ನಬಾರದಿತ್ತು ಎಂದೆ.

'ಅಕ್ಕಾ, ನೀ ಅಂದಿದ್ದು ಅರ್ಧಾ ಖರೇನ ಇತ್ತು. ಮೊದಲನೇದ್ದು ಗದ್ದಲಾನ' ಎಂದ. ಸ್ವಲ್ಪ ಹೊತ್ತು ಬಿಟ್ಟು, 'ಆದ್ರ ಎರಡನೇದ್ರಾಗ ಪದಾ ಇನ್ನೂ ಬಂದಿದ್ದಿಲ್ಲ. ಪದಾ ಬರೂತನಕಾನ ಯಾಕ ತಡೀಲಿಲ್ಲ ನೀ? ಗದ್ದಲಾ ಅಂದದ್ದು ನನಗೇನೂ ಅನಸಲಿಲ್ಲ. ಅದಕ್ಕ ಸಂಕಟ ಆಗಿದ್ದು' ಎಂದ.

ಪದ ಬರುವುದು ಆರನೆಯ ನಿಮಿಷಕ್ಕೆ. ನಾನು ಎರಡನೆಯ ನಿಮಿಷಕ್ಕೇ ತೀರ್ಪು ಕೊಟ್ಟಿದ್ದೆ. ನನ್ನ ಬಳಿ ಉತ್ತರವಿರಲಿಲ್ಲ. ಊರಿನ ಮುಂದೆ ಕಲಿತವಳೆನಿಸಿಕೊಳ್ಳುವ ಅವಸರವಿತ್ತು ಎಂದು ಹೇಳಬಹುದಿತ್ತು. ಅದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಈಗ ತರಗತಿಯಲ್ಲಿ ಮಗುವೊಂದು ಪದ್ಯ ಹೇಳಲು ನಿಂತು ತಡವರಿಸಿದರೆ ಕೈ ಎತ್ತಿ ನಿಲ್ಲಿಸುವುದನ್ನು ಬಿಟ್ಟಿದ್ದೇನೆ. ಪಾಠ ಹಿಂದೆ ಬೀಳುತ್ತದೆ, ಬೀಳಲಿ.

ಕ್ಯಾಸೆಟ್ಟನ್ನು ತಮ್ಮ ಇಸಿದುಕೊಂಡ. ಎರಡನೆಯ ಬದಿಯಲ್ಲಿ ಏನಿದೆಯೆಂದು ಕೇಳಿದರೆ ನೆನಪಿಲ್ಲ ಎಂದ. ಮೈಕಿನವ ಒಬ್ಬನೇ ಕುಳಿತು ಏನೋ ತುಂಬಿಸಿದ್ದ, ಅವನಿಗೆ ಹಾಡಲು ಬಹಳ ಆಸೆಯಿತ್ತು, ನಾವು ಹಾಡಗೊಡುತ್ತಿರಲಿಲ್ಲ ಎಂದ. ಸಿಕ್ಕಿಕೊಂಡ ಟೇಪನ್ನು ಬಿಡಿಸುವವರೊಬ್ಬರು ಹುಬ್ಬಳ್ಳಿಯಲ್ಲಿ ಇದ್ದಾರಂತೆ. ಮುಂದಿನ ವಾರ ಪಂಪಿನ ಸಾಮಾನು ತರಲು ಹೋದಾಗ, ಮೈಕಿನವನ ಮಗನನ್ನೂ ಕರೆದುಕೊಂಡು ಹೋಗಿ ಕೊಟ್ಟು ಬರುತ್ತೇನೆ ಎಂದ.